ಮೆಲೊಟ್ರಾನ್ ಸದ್ದು ಬೇಕು: ಹಳೇ ಯಂತ್ರವೋ, ಡಿಜಿಟಲ್ಲೋ, ಪ್ಲಗಿನ್ನೋ?

ಕಿಂಗ್ ಕ್ರಿಮ್ಸನ್ ಬ್ಯಾಂಡಿನ 1969ರ ಮೊದಲ ಆಲ್ಬಂ ಕೇಳಿದವರಿಗೆ, ಜೆನೆಸಿಸ್‌ನ ‘ವಾಚರ್ ಆಫ್ ದ ಸ್ಕೈಸ್’ ಹೇಗೆ ಶುರುವಾಗುತ್ತದೆ ಎಂದು ಗೊತ್ತಿರುವವರಿಗೆ ಮೆಲೊಟ್ರಾನ್ ಎಂಬ ಟೇಪ್ ಕೀಬೋರ್ಡಿನ ಈ ಸದ್ದನ್ನು ಬಿಡಿಸಿ ಹೇಳಬೇಕಿಲ್ಲ. ಪಿಟೀಲೇ ಹೌದು, ಆದರೆ ಪೂರ್ತಿ ಪಿಟೀಲಲ್ಲ. ಮನುಷ್ಯರ ದನಿಯೇ ಹೌದು, ಆದರೆ ಪಕ್ಕದ ಮನೆಯ ಹಳೇ ರೇಡಿಯೋದಿಂದ ಬಂದ ಹಾಗಿರುತ್ತದೆ. ಒಂದು ಸಲ ಕಿವಿಗೆ ಹಿಡಿಸಿತು ಅಂದರೆ ಮುಗಿಯಿತು, ನಮ್ಮ ಹಾಡಿಗೂ ಅದು ಬೇಕು ಅನಿಸುತ್ತದೆ.

ಆಮೇಲೆ ಶುರುವಾಗುತ್ತದೆ ಗೊಂದಲ. 1970ರ ದಶಕದ ನಿಜವಾದ ಯಂತ್ರವನ್ನೇ ಹುಡುಕಬೇಕಾ? ಹೊಸದಾಗಿ ಮಾಡಿದ ಟೇಪ್ ಯಂತ್ರವೂ ಇದೆಯಂತಲ್ಲ? ಡಿಜಿಟಲ್ ಕೀಬೋರ್ಡ್ ಸಾಕಾ? ಲ್ಯಾಪ್‌ಟಾಪಿಗೆ ಒಂದು ಪ್ಲಗಿನ್ (ವಾದ್ಯದ ಸದ್ದು ಕೊಡುವ ಸಾಫ್ಟ್‌ವೇರ್) ಹಾಕಿಕೊಂಡರೆ ಆಯಿತಲ್ವಾ? ಗಿಟಾರ್ ಪೆಡಲ್ ಕೂಡ ಒಂದಿದೆ ಎನ್ನುತ್ತಾರೆ, ಅದು ಹೇಗೆ? ಬೆಲೆಯೋ, ಸೊನ್ನೆಯಿಂದ ಹಿಡಿದು ಒಂದು ಕಾರಿನ ದುಡ್ಡಿನವರೆಗೆ. ಯಾರನ್ನು ಕೇಳಿದರೂ ತಾವು ಕೊಂಡಿದ್ದೇ ಸರಿ ಅಂತಾರೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಈ ವಾದ್ಯದ ಸೊಗಸಿರುವುದು ಅದರ ಕೊರತೆಗಳಲ್ಲಿ. ಯಾವ ಕೊರತೆ ನಿಮಗೆ ಬೇಕು ಎಂದು ತಿಳಿದರೆ ಯಾವುದನ್ನು ಕೊಳ್ಳಬೇಕೆಂದೂ ತಿಳಿಯುತ್ತದೆ. ಅದಕ್ಕೆ ಯಂತ್ರದ ಒಳಗೆ ಏನಾಗುತ್ತದೆ ಎಂದು ಸ್ವಲ್ಪ ನೋಡಬೇಕು.

ಕೀ ಒತ್ತಿದಾಗ ಆಗುವುದೇನು

ಹೆಚ್ಚು ಮಾರಾಟವಾದ ಮಾದರಿ ಎಂ400. 1970ರಲ್ಲಿ ಬಂತು. ಅದರಲ್ಲಿ ಇರುವುದು 35 ಕೀಗಳು. ಒಂದೊಂದು ಕೀಗೂ ಅದರದ್ದೇ ಒಂದು ಟೇಪ್, ಟೇಪಿನ ಸದ್ದು ಓದುವ ಅದರದ್ದೇ ಒಂದು ಹೆಡ್. ಟೇಪಿನ ಅಗಲ 3/8 ಇಂಚು. ಎಲ್ಲ ಕೀಗಳ ಅಡಿಯಲ್ಲಿ, ಈ ತುದಿಯಿಂದ ಆ ತುದಿಯವರೆಗೆ, ಒಂದೇ ಒಂದು ಉದ್ದನೆಯ ಲೋಹದ ಸರಳು ಮೋಟಾರಿನಿಂದ ಸದಾ ತಿರುಗುತ್ತಿರುತ್ತದೆ. ಕೀ ಒತ್ತಿದಿರಿ ಅಂದುಕೊಳ್ಳಿ. ಒಂದು ಪುಟ್ಟ ರಬ್ಬರ್ ಚಕ್ರ ಟೇಪನ್ನು ಸರಳಿಗೆ ಒತ್ತುತ್ತದೆ. ಒಂದು ಮೆತ್ತೆ ಅದೇ ಟೇಪನ್ನು ಹೆಡ್ಡಿಗೆ ಒತ್ತುತ್ತದೆ. ಟೇಪ್ ಓಡುತ್ತದೆ, ಸದ್ದು ಬರುತ್ತದೆ, ಓಡಿದ ಟೇಪ್ ಒಳಗಿನ ಡಬ್ಬಿಗೆ ಇಳಿಯುತ್ತದೆ. ಬೆರಳು ತೆಗೆದರೆ ಸ್ಪ್ರಿಂಗ್ ಅದನ್ನು ಸರಕ್ಕನೆ ವಾಪಸ್ ಎಳೆದುಕೊಳ್ಳುತ್ತದೆ. ತೆಗೆಯದೆ ಒತ್ತಿಕೊಂಡೇ ಇದ್ದರೆ? ಸುಮಾರು 8 ಸೆಕೆಂಡಿಗೆ ಟೇಪ್ ಮುಗಿಯುತ್ತದೆ. ಸದ್ದು ಅಲ್ಲಿಗೆ ನಿಂತಿತು.

ಟೇಪನ್ನು ಸುತ್ತು ಹಾಕಿ ಲೂಪ್ ಮಾಡಬಹುದಿತ್ತಲ್ಲ ಎಂದು ಕೇಳಬಹುದು. ಮಾಡಿದ್ದರೆ ಸ್ವರದ ಆರಂಭ ಕಳೆದುಹೋಗುತ್ತಿತ್ತು. ಕಮಾನು ತಂತಿಗೆ ತಾಗುವ ಆ ಮೊದಲ ಕ್ಷಣ, ಫ್ಲೂಟಿಗೆ ಊದುವ ಮೊದಲ ಉಸಿರು, ಇವು ಪ್ರತಿ ಸಲ ಕೇಳಬೇಕಾದರೆ ಟೇಪ್ ಪ್ರತಿ ಸಲ ಮೊದಲಿನಿಂದಲೇ ಶುರುವಾಗಬೇಕು. 8 ಸೆಕೆಂಡಿನ ಮಿತಿ ಅದಕ್ಕೆ ತೆತ್ತ ಬೆಲೆ.

ಇನ್ನೊಂದು ಮುಖ್ಯ ವಿಷಯ. 35 ಸ್ವರಗಳನ್ನೂ ವಾದ್ಯಗಾರರು ಒಂದೊಂದಾಗಿ ನುಡಿಸಿ ರೆಕಾರ್ಡ್ ಮಾಡಿದ್ದಾರೆ. ಹಾಗಾಗಿ ಒಂದು ಸ್ವರ ಕೊಂಚ ಜೋರು, ಪಕ್ಕದ್ದು ಕೊಂಚ ಮೆತ್ತಗೆ. ಒಂದರ ಶ್ರುತಿ ಕೂದಲೆಳೆಯಷ್ಟು ಮೇಲೆ, ಇನ್ನೊಂದರದ್ದು ಕೆಳಗೆ. ಮೂರು ಸ್ವರ ಸೇರಿಸಿ ಕಾರ್ಡ್ ಒತ್ತಿದಾಗ ಈ ಸಣ್ಣ ವ್ಯತ್ಯಾಸಗಳೇ ಒಂದಕ್ಕೊಂದು ಉಜ್ಜಿ ಆ ವಿಚಿತ್ರ ನಡುಕ ಹುಟ್ಟುತ್ತದೆ. ಅದಕ್ಕೆ ಮೋಟಾರಿನ ವೇಗದ ಸಣ್ಣ ಏರುಪೇರೂ ಸೇರಿಕೊಳ್ಳುತ್ತದೆ.

ತಮಾಷೆಯೆಂದರೆ ಇದನ್ನು ರಾಕ್‌ಗೆ ಅಂತ ಯಾರೂ ಮಾಡಿರಲಿಲ್ಲ. ಅಮೆರಿಕದ ಹ್ಯಾರಿ ಚೇಂಬರ್ಲಿನ್ ಎಂಬವರು ಕ್ಯಾಲಿಫೋರ್ನಿಯಾದಲ್ಲಿ ಇಂಥ ಯಂತ್ರ ಮಾಡಿ ಮಾರುತ್ತಿದ್ದರು. ಅವರ ಮಾರಾಟಗಾರ ಬಿಲ್ ಫ್ರಾನ್ಸನ್ 1962ರಲ್ಲಿ ಎರಡು ಯಂತ್ರಗಳನ್ನು ಇಂಗ್ಲೆಂಡಿಗೆ ಒಯ್ದ. ಅಲ್ಲಿ ಬರ್ಮಿಂಗ್‌ಹ್ಯಾಮಿನ ಬ್ರಾಡ್ಲಿ ಸಹೋದರರ ಕಾರ್ಖಾನೆಯಲ್ಲಿ ಅದೇ ಮಾದರಿಯಲ್ಲಿ ಮೆಲೊಟ್ರಾನ್ ಹುಟ್ಟಿತು. 1963ರಲ್ಲಿ ಮಾರ್ಕ್ 1, ಮರುವರ್ಷ ಮಾರ್ಕ್ 2. ವ್ಯಾಪಾರಕ್ಕೆ ಜೊತೆಯಾದವರಲ್ಲಿ ಡೇವಿಡ್ ನಿಕ್ಸನ್ ಎಂಬ ಟಿವಿ ಜಾದೂಗಾರನೂ ಇದ್ದ! ಸಿರಿವಂತರ ಮನೆಯ ಹಜಾರದಲ್ಲಿಟ್ಟು ನುಡಿಸಲಿ ಎನ್ನುವುದು ಅವರ ಲೆಕ್ಕ. ಎಡಗಡೆ ಕೀಗಳಲ್ಲಿ ಸಿದ್ಧ ತಾಳ, ಪಕ್ಕವಾದ್ಯ. ಬಲಗಡೆ ಕೀಗಳಲ್ಲಿ ಪಿಟೀಲು, ಫ್ಲೂಟ್ ಇತ್ಯಾದಿ. ಇದೇ ಕಾರ್ಖಾನೆಯಲ್ಲಿ ಯಂತ್ರಗಳನ್ನು ಪರೀಕ್ಷಿಸುವ ಕೆಲಸ ಮಾಡಿದ್ದ ಮೈಕ್ ಪಿಂಡರ್ ಮುಂದೆ ಮೂಡಿ ಬ್ಲೂಸ್‌ನಲ್ಲಿ ಇದನ್ನು ನುಡಿಸಿದ. ತಾಳದ ಟೇಪುಗಳನ್ನು ಕಿತ್ತು, ಎರಡೂ ಕಡೆಗೆ ಪಿಟೀಲು, ಫ್ಲೂಟುಗಳನ್ನೇ ಹಾಕಿಸಿಕೊಂಡ. ಬ್ಯಾಂಡುಗಳಿಗೆ ಬೇಕಿದ್ದುದು ಅಷ್ಟೇ. ಎಂ400 ಬಂದಾಗ ಅದರಲ್ಲಿ ತಾಳದ ಭಾಗವೇ ಇರಲಿಲ್ಲ.

ಕೊಳ್ಳುವ ಮೊದಲು ಕೇಳಿಕೊಳ್ಳಬೇಕಾದ್ದು

ಮೊದಲನೆಯದು, ನಿಮಗೆ ಇಷ್ಟವಾಗಿರುವುದು ಯಾವುದು? ಆ ರೆಕಾರ್ಡಿಂಗಿನ ಬಣ್ಣವೇ? ಹಾಗಿದ್ದರೆ ಸ್ಯಾಂಪಲ್‌ಗಳಲ್ಲೂ (ಆ ಸದ್ದಿನ ಡಿಜಿಟಲ್ ತುಣುಕುಗಳಲ್ಲೂ) ಅದು ಸಿಗುತ್ತದೆ. ಇವತ್ತು ನುಡಿಸಿದ ಹಾಗೆ ನಾಳೆ ಬಾರದ ಆ ಅಸ್ಥಿರತೆಯೇ? ಅದು ಟೇಪಿನಲ್ಲಿ ಮಾತ್ರ ಪೂರ್ತಿ ಸಿಗುತ್ತದೆ. ಅಥವಾ 8 ಸೆಕೆಂಡಿನ ಮಿತಿ ನುಡಿಸುವವರನ್ನು ಒಂದು ರೀತಿಯಲ್ಲಿ ಬರೆಯಲು, ನುಡಿಸಲು ಒತ್ತಾಯಿಸುತ್ತದಲ್ಲ, ಅದೇ? ಅದಕ್ಕೆ ದುಡ್ಡೇ ಬೇಡ, ಶಿಸ್ತು ಸಾಕು. ಹೆಚ್ಚಿನವರು ಮೊದಲನೆಯದನ್ನು ಬಯಸಿ ಎರಡನೆಯದಕ್ಕೆ ದುಡ್ಡು ಕೊಡಲು ಹೊರಡುತ್ತಾರೆ.

ಎರಡನೆಯದು, ಎಲ್ಲಿ ನುಡಿಸುತ್ತೀರಿ? ಮನೆಯ ರೂಮಿನಲ್ಲಿ ರೆಕಾರ್ಡ್ ಮಾಡುವವರ ಅಗತ್ಯವೇ ಬೇರೆ, ವಾರಕ್ಕೊಂದು ವೇದಿಕೆ ಹತ್ತುವವರದ್ದೇ ಬೇರೆ. ಎಂ400ನ ತೂಕ ಸುಮಾರು 55 ಕಿಲೋ. ಎರಡು ಸಾಲು ಕೀಗಳ ಮಾರ್ಕ್ 2 ಅದರ ಸುಮಾರು ಮೂರು ಪಟ್ಟು. ಮೂರನೇ ಮಹಡಿಯ ಜ್ಯಾಮ್ ರೂಮಿಗೆ ಇವನ್ನು ಹೊರುವವರು ಯಾರು ಅನ್ನುವುದೂ ಒಂದು ಪ್ರಶ್ನೆಯೇ.

ಮೂರನೆಯದು ದುಡ್ಡು. ಕೊಳ್ಳುವ ಬೆಲೆ ಮಾತ್ರ ಅಲ್ಲ. ಹೊರದೇಶದಿಂದ ತರಿಸುವ ಖರ್ಚು, ಕಸ್ಟಮ್ಸ್ ಸುಂಕ, ಆಮೇಲೆ ವರ್ಷ ವರ್ಷದ ಆರೈಕೆ. ನಾಲ್ಕನೆಯದು, ಕೆಟ್ಟರೆ ರಿಪೇರಿ ಮಾಡುವವರು ಯಾರು? ಉತ್ತರ ‘ನಾನೇ’ ಆಗಿರದಿದ್ದರೆ ಟೇಪ್ ಯಂತ್ರದ ಆಸೆ ಇಲ್ಲಿಗೇ ಬಿಟ್ಟುಬಿಡುವುದು ಒಳ್ಳೆಯದು.

ಕೊನೆಯದು, ಎಷ್ಟು ಹಾಡಿಗೆ ಬೇಕು? ಇಡೀ ಆಲ್ಬಮ್ಮಿಗೋ, ಒಂದು ಹಾಡಿನ ಕೊನೆಯ ಭಾಗಕ್ಕೋ?

ಹಳೆಯ ಟೇಪ್ ಯಂತ್ರ

ಇದೇ ನಿಜವಾದ ಸರಕು, ಅದರಲ್ಲಿ ಎರಡು ಮಾತಿಲ್ಲ. ಎಂ400 ಸುಮಾರು 1800 ತಯಾರಾದವು. ಹಾಗಾಗಿ ಇವತ್ತಿಗೂ ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಗೆ ಬರುತ್ತಿರುತ್ತವೆ, ಮುಖ್ಯವಾಗಿ ಇಂಗ್ಲೆಂಡ್, ಯುರೋಪ್, ಅಮೆರಿಕದಲ್ಲಿ. ‘ನೋವಾಟ್ರಾನ್’ ಎಂಬ ಹೆಸರು ಕಂಡರೆ ನಕಲಿ ಎಂದು ದಾಟಿಹೋಗಬೇಡಿ. 1970ರ ದಶಕದ ಕೊನೆಗೆ ಮೆಲೊಟ್ರಾನ್ ಹೆಸರಿನ ಹಕ್ಕು ಕೈತಪ್ಪಿದ ಮೇಲೆ ಅದೇ ಕಾರ್ಖಾನೆ ಅದೇ ಯಂತ್ರವನ್ನು ಆ ಹೆಸರಲ್ಲಿ ಮಾರಿತು. ಹೆಸರಿನ ಮೋಹ ಇಲ್ಲದವರಿಗೆ ಒಳ್ಳೆಯ ಆಯ್ಕೆ.

ಎಂ400ನಲ್ಲಿ ಒಂದು ಟೇಪಿನ ಅಗಲದಲ್ಲಿ ಮೂರು ಟ್ರ್ಯಾಕ್. ಅಂದರೆ ಒಂದು ಸಲಕ್ಕೆ ಮೂರು ಸದ್ದು, ಸಾಮಾನ್ಯವಾಗಿ ಪಿಟೀಲು, ಫ್ಲೂಟ್, ಚೆಲ್ಲೋ. ಗುಂಡಿ ತಿರುಗಿಸಿದರೆ ಹೆಡ್ಡುಗಳು ಪಕ್ಕಕ್ಕೆ ಸರಿದು ಬೇರೆ ಟ್ರ್ಯಾಕ್ ಹಿಡಿಯುತ್ತವೆ. ನಡುವೆ ನಿಲ್ಲಿಸಿದರೆ ಎರಡು ಸದ್ದು ಬೆರೆಯುತ್ತವೆ. ಕೋರಸ್ ಬೇಕಾದರೆ ಟೇಪುಗಳಿರುವ ಇಡೀ ಚೌಕಟ್ಟನ್ನೇ ಎತ್ತಿ ಬೇರೆಯದನ್ನು ಕೂರಿಸಬೇಕು. ಹಾಡಿನ ನಡುವೆ ಆಗುವ ಕೆಲಸವಲ್ಲ. ಯಂತ್ರದ ಮೇಲಿರುವ ಹಿಡಿಗಳು ವಾಲ್ಯೂಮ್, ಟೋನ್, ಪಿಚ್, ಈ ಟ್ರ್ಯಾಕ್ ಗುಂಡಿ, ಇಷ್ಟೇ.

ಬೆರಳಿಗೆ ಸಿಗುವ ಅನುಭವ ಬೇರೆ ಯಾವುದರಲ್ಲೂ ಇಲ್ಲ. ಕೀ ಸ್ವಲ್ಪವೇ ಒತ್ತಿದರೆ ಟೇಪ್ ಸರಿಯಾಗಿ ಹಿಡಿತಕ್ಕೆ ಸಿಗದೆ ಸದ್ದು ಮಂಕಾಗಿ ತಡವರಿಸುತ್ತದೆ. ಗಟ್ಟಿಯಾಗಿ ಒತ್ತಿದರೆ ಸ್ಪಷ್ಟ. ಅದೇ ಕೀಯನ್ನು ಬೇಗ ಬೇಗ ಎರಡು ಸಲ ಒತ್ತಿದರೆ ಟೇಪ್ ಪೂರ್ತಿ ವಾಪಸ್ ಬಂದಿರುವುದಿಲ್ಲ, ಎರಡನೇ ಸಲ ಮಧ್ಯದಿಂದ ಶುರುವಾಗುತ್ತದೆ. ದೊಡ್ಡ ಕಾರ್ಡನ್ನು 8 ಸೆಕೆಂಡಿಗಿಂತ ಉದ್ದ ಎಳೆಯಲು ನುಡಿಸುವವರು ಬೆರಳುಗಳನ್ನು ಒಂದೊಂದಾಗಿ ಎತ್ತಿ ಮತ್ತೆ ಇಡುತ್ತಾ ಹೋಗುತ್ತಾರೆ. ಒಂದು ಸ್ವರ ಮುಗಿಯುವಾಗ ಇನ್ನೊಂದು ಹುಟ್ಟುತ್ತಿರುತ್ತದೆ. ಪ್ರೋಗ್ (ಪ್ರೋಗ್ರೆಸಿವ್ ರಾಕ್) ಹಾಡುಗಳಲ್ಲಿ ಕಾರ್ಡಿನ ಒಳಗಿನ ಸ್ವರಗಳು ಸದಾ ಅಲುಗಾಡುತ್ತಿರುವಂತೆ ಕೇಳುವುದಕ್ಕೆ ಇದೂ ಒಂದು ಕಾರಣ.

ಇನ್ನು ಕಾಟದ ಪಟ್ಟಿ. ಪ್ರತಿ ಕೀಗೆ ಎರಡು ಸ್ಕ್ರೂ, ಒಂದು ರಬ್ಬರ್ ಚಕ್ರದ ಒತ್ತಡಕ್ಕೆ, ಇನ್ನೊಂದು ಮೆತ್ತೆಯ ಒತ್ತಡಕ್ಕೆ. 35 ಕೀ ಅಂದರೆ 70 ಸ್ಕ್ರೂ. ಅವು ಹದ ತಪ್ಪಿದರೆ ಕೆಲವು ಸ್ವರ ಮಂಕು, ಕೆಲವು ಅಳುಮೋರೆ. ಹಳೇ ಮೋಟಾರ್ ಕಂಟ್ರೋಲ್ ಬೋರ್ಡ್ ಇದ್ದರೆ ಒಟ್ಟಿಗೆ ಹೆಚ್ಚು ಕೀ ಒತ್ತಿದಾಗ ಮೋಟಾರ್ ಬಳಲಿ ಶ್ರುತಿ ಇಳಿಯುತ್ತದೆ. ಕೊಳ್ಳುವಾಗ ಕೇಳಲೇಬೇಕಾದ ಪ್ರಶ್ನೆ ಇದು: ಬೋರ್ಡ್ ಮೂಲದ ಸಿಎಂಸಿ-10ಆ, ಅಥವಾ ಆಮೇಲೆ ಬಂದ ಎಸ್‌ಎಂಎಸ್ ಸರಣಿಯದ್ದಾ? ಎರಡನೆಯದಾದರೆ ನಿಶ್ಚಿಂತೆ ಜಾಸ್ತಿ. ಕಿಂಗ್ ಕ್ರಿಮ್ಸನ್ ಊರೂರು ಸುತ್ತುವಾಗ ಈ ಯಂತ್ರದ ಶ್ರುತಿಯ ಜೊತೆ ಪಟ್ಟ ಪಾಡು ಪ್ರಸಿದ್ಧವೇ.

ನಮ್ಮಲ್ಲಿ ಇಡುವವರಿಗೆ ಇನ್ನೂ ಎರಡು ಮಾತು. ಅಮೆರಿಕದಿಂದ ಬಂದ ಯಂತ್ರ ಅಲ್ಲಿನ ವೋಲ್ಟೇಜಿಗೆ ಹೊಂದಿಸಿದ್ದಾಗಿರುತ್ತದೆ, ಇಂಗ್ಲೆಂಡಿನದು ನಮ್ಮ ಕರೆಂಟಿಗೆ ಹತ್ತಿರ. ಮತ್ತೆ ಟೇಪಿಗೂ ರಬ್ಬರಿಗೂ ತೇವ, ದೂಳು ಎರಡೂ ಆಗಿಬರುವುದಿಲ್ಲ. ಮಂಗಳೂರು, ಕಾರವಾರದ ಮಳೆಗಾಲದಲ್ಲಿ ಎಸಿ ಇಲ್ಲದ ಕೋಣೆಯಲ್ಲಿ ಇದನ್ನು ಇಡುವುದು ಅಂದರೆ ಸುಮ್ನೆ ದುಡ್ಡು ಹಾಳು. ಬೆಂಗಳೂರು, ಮೈಸೂರಾದರೆ ಪರವಾಗಿಲ್ಲ, ಆದರೂ ಹೊದಿಕೆ ಇಲ್ಲದೆ ಬಿಡಬಾರದು.

ಬೆಲೆ? ಒಳ್ಳೆಯ ಸ್ಥಿತಿಯಲ್ಲಿರುವುದಕ್ಕೆ ಹಲವು ಲಕ್ಷ, ಸಾಗಣೆ ಮತ್ತು ಸುಂಕ ಬೇರೆ. ಅಗ್ಗಕ್ಕೆ ಸಿಕ್ಕಿತು ಅಂದರೆ ಟೇಪ್ ಸವೆದಿದೆ ಎಂದುಕೊಳ್ಳಿ. ಹೊಸ ಟೇಪ್ ಸೆಟ್‌ಗಳು ಮೂಲ ಮಾಸ್ಟರ್‌ಗಳಿಂದ ಈಗಲೂ ತಯಾರಾಗುತ್ತವೆ, ಆದರೆ ಅದೂ ಪುಕ್ಕಟೆಯಲ್ಲ.

ಹೊಸ ಟೇಪ್ ಯಂತ್ರ

ಹಳೇ ಯಂತ್ರದ ಜೊತೆ ಬರುವ ಸವಕಲು ತಲೆನೋವು ಬೇಡ, ಟೇಪ್ ಮಾತ್ರ ಬೇಕೇ ಬೇಕು ಎನ್ನುವವರಿಗೆ ಎರಡು ಹೆಸರು. 1999ರಲ್ಲಿ ಸ್ವೀಡನ್ನಿನಿಂದ ಬಂದ ಮಾರ್ಕ್ 6, ಎಂ400ನದೇ ಸುಧಾರಿಸಿದ ರೂಪ. ಇನ್ನೊಂದು 2007ರಲ್ಲಿ ಇಂಗ್ಲೆಂಡಿನ ಸ್ಟ್ರೀಟ್ಲಿ ಎಲೆಕ್ಟ್ರಾನಿಕ್ಸ್ ಹೊರತಂದ ಎಂ4000. ಬ್ರಾಡ್ಲಿ ಕುಟುಂಬದ ಮುಂದಿನ ತಲೆಮಾರೂ ಇದರಲ್ಲಿದೆ. ಇದರ ಟೇಪ್‌ನಲ್ಲಿ ಎಂಟು ನಿಲ್ದಾಣ, ಅಂದರೆ ಟೇಪ್ ಸರಿದು ಹೋಗಿ ನಿಲ್ಲುವ ಜಾಗಗಳು, ಒಂದೊಂದರಲ್ಲಿ ಮೂರು ಸದ್ದು, ಒಟ್ಟು 24. ಚೌಕಟ್ಟು ಬದಲಿಸದೆಯೇ ಪಿಟೀಲಿನಿಂದ ಕೋರಸ್‌ಗೆ ಹೋಗಬಹುದು. ಹಳೇ ಮಾರ್ಕ್ 2ರ ಅನುಕೂಲ ಸಣ್ಣ ಪೆಟ್ಟಿಗೆಯಲ್ಲಿ ಸಿಕ್ಕ ಲೆಕ್ಕ.

ಒಂದು ಎಚ್ಚರಿಕೆ. ಎಂ4000 ಬೇರೆ, ಎಂ4000ಡಿ ಬೇರೆ. ಮೊದಲನೆಯದು ಇಂಗ್ಲೆಂಡಿನದು, ಟೇಪ್ ಇರುವುದು. ಎರಡನೆಯದು ಸ್ವೀಡನ್ನಿನ ಬೇರೆ ಕಂಪನಿಯದು, ಡಿಜಿಟಲ್. ಜಾಹೀರಾತಿನಲ್ಲಿ ಕೊನೆಯ ಅಕ್ಷರ ನೋಡದೆ ಮಾತಾಡಬೇಡಿ.

ಹೊಸ ಟೇಪ್ ಯಂತ್ರ ಹಳೆಯದಕ್ಕಿಂತ ನಂಬಿಕಸ್ಥ, ಆದರೆ ತೂಕ, ಬೆಲೆ, ಆರೈಕೆ ಎಲ್ಲ ಹಾಗೇ ಇವೆ. ಸ್ಟುಡಿಯೋ ನಡೆಸುವವರಿಗೆ, ಗಿರಾಕಿಗಳಿಗೆ ಅದನ್ನೇ ತೋರಿಸಿ ಕರೆಯಬಲ್ಲವರಿಗೆ ಲೆಕ್ಕ ಕೂಡಿಬರಬಹುದು. ಮಿಕ್ಕವರಿಗೆ ಕಷ್ಟ.

ಡಿಜಿಟಲ್ ಕೀಬೋರ್ಡ್

ಎಂ4000ಡಿ 2010ರ ಸುಮಾರಿಗೆ ಬಂತು. ಮೂಲ ಟೇಪುಗಳಿಂದ ತೆಗೆದ 100 ಸದ್ದುಗಳು ಅದರೊಳಗಿವೆ. ಎರಡು ಪುಟ್ಟ ಪರದೆಗಳಲ್ಲಿ ಎರಡು ಸದ್ದು ಆರಿಸಿ, ನಡುವಿನ ಹಿಡಿಯಿಂದ ಬೆರೆಸಬಹುದು. ಹಿಡಿಗಳು ಎಂ400ನಲ್ಲಿರುವಂಥವೇ. ಅದರ ತಮ್ಮಂದಿರು ಮಿನಿ ಮತ್ತು ಮೈಕ್ರೋ. ಮೈಕ್ರೋದಲ್ಲಿ 25 ಕೀ ಮಾತ್ರ, ಆದರೆ ಸದ್ದುಗಳು ಅವೇ. ಮಿಡಿ (ಒಂದು ವಾದ್ಯದಿಂದ ಇನ್ನೊಂದನ್ನು ನುಡಿಸುವ ಸಂಪರ್ಕ) ಇರುವುದರಿಂದ ನಿಮ್ಮಲ್ಲಿರುವ ದೊಡ್ಡ ಕೀಬೋರ್ಡಿನಿಂದ ಅದನ್ನು ನುಡಿಸಬಹುದು. ಜರ್ಮನಿಯ ಮೆಮೊಟ್ರಾನ್ ಕೂಡ ಇದೇ ಜಾತಿಯದು, ಎಲ್ಲಾದರೂ ಸೆಕೆಂಡ್ ಹ್ಯಾಂಡ್ ಕಂಡರೆ ನೋಡಬಹುದು.

ಇವುಗಳ ಲಾಭ ಏನು? ಸ್ವಿಚ್ ಹಾಕಿದ ಕೂಡಲೇ ಶ್ರುತಿಯಲ್ಲಿರುತ್ತವೆ. ಒಬ್ಬರೇ ಎತ್ತಬಹುದು. ವೇದಿಕೆಯ ಮೇಲೆ ಲ್ಯಾಪ್‌ಟಾಪ್ ಕೈಕೊಡುವ ಭಯವಿಲ್ಲ. ಹಾಡಿನ ನಡುವೆ ಸದ್ದು ಬದಲಿಸಬಹುದು. ನಷ್ಟವೆಂದರೆ ಬೆಲೆ. ಅತಿ ಸಣ್ಣದಕ್ಕೂ ಇಲ್ಲಿಗೆ ಬರುವಷ್ಟರಲ್ಲಿ ಲಕ್ಷ ದಾಟುತ್ತದೆ. ಅಷ್ಟು ಕೊಟ್ಟು ಬರುವ ಸದ್ದು ಒಳ್ಳೆಯ ಪ್ಲಗಿನ್ನಿಗಿಂತ ಎಷ್ಟು ಮೇಲು? ನನ್ನ ಕಿವಿಗೆ, ಬ್ಯಾಂಡಿನ ಜೊತೆ ಕೇಳಿದಾಗ, ಹೆಚ್ಚೇನೂ ಅಲ್ಲ. ಇಲ್ಲಿ ನೀವು ದುಡ್ಡು ಕೊಡುತ್ತಿರುವುದು ಸದ್ದಿಗಲ್ಲ, ನೆಮ್ಮದಿಗೆ. ತಿಂಗಳಿಗೆ ನಾಲ್ಕಾರು ಕಾರ್ಯಕ್ರಮ ಕೊಡುವ ಬ್ಯಾಂಡಿಗೆ ಆ ನೆಮ್ಮದಿಯೂ ಸಣ್ಣದಲ್ಲ ಬಿಡಿ.

ನಾರ್ಡ್ ಕೀಬೋರ್ಡ್ ಈಗಾಗಲೇ ಇದ್ದವರು ಇದನ್ನು ಓದಿ ಪೇಚಾಡುವುದೇ ಬೇಡ. ಸ್ಯಾಂಪಲ್ ಹಾಕಿಕೊಳ್ಳಬಹುದಾದ ನಾರ್ಡ್ ಮಾದರಿಗಳಿಗೆ ಕಂಪನಿಯ ಲೈಬ್ರರಿಯಲ್ಲೇ ಅಧಿಕೃತ ಮೆಲೊಟ್ರಾನ್, ಚೇಂಬರ್ಲಿನ್ ಸದ್ದುಗಳು ಪುಕ್ಕಟೆ ಸಿಗುತ್ತವೆ. ಇಳಿಸಿಕೊಂಡು ನುಡಿಸಿ.

ಪ್ಲಗಿನ್

ಹತ್ತರಲ್ಲಿ ಎಂಟು ಮಂದಿಗೆ ಇದೇ ಉತ್ತರ ಎನ್ನುವುದು ನನ್ನ ನಂಬಿಕೆ. ಜಿಫೋರ್ಸ್‌ನ ಎಂ-ಟ್ರಾನ್ ಪ್ರೋ, ಆರ್ಟೂರಿಯಾದ ಮೆಲೊಟ್ರಾನ್ ವಿ, ಐಕೆ ಮಲ್ಟಿಮೀಡಿಯಾದ ಸ್ಯಾಂಪಲ್‌ಟ್ರಾನ್, ಇವು ಹೆಚ್ಚು ಬಳಕೆಯಲ್ಲಿರುವವು. ಹತ್ತಿಪ್ಪತ್ತು ಸಾವಿರದೊಳಗೆ ಆಗುತ್ತವೆ, ರಿಯಾಯಿತಿ ದಿನಗಳಿಗೆ ಕಾದರೆ ಅದಕ್ಕಿಂತ ಕಡಿಮೆ. ಆಪಲ್‌ನ ಲಾಜಿಕ್ ಪ್ರೋ ಬಳಸುವವರಿಗೆ ಅದರ ಜೊತೆಯಲ್ಲೇ ಒಂದು ಮೆಲೊಟ್ರಾನ್ ಬರುತ್ತದೆ. ಮೊದಲು ಅದನ್ನು ಬಳಸಿ ನೋಡಿ, ಸಾಲದೆ ಹೋದರೆ ಮುಂದಿನ ಮಾತು.

ಎಂ-ಟ್ರಾನ್ ಪ್ರೋದಲ್ಲಿ ಟೇಪುಗಳ ಸಂಗ್ರಹ ದೊಡ್ಡದು, ಎರಡು ಸದ್ದುಗಳನ್ನು ಒಂದರ ಮೇಲೊಂದು ಇಡಬಹುದು. ಪ್ರೋಗ್ ಕಿವಿಗೆ ಬೇಕಾದ್ದು ಬೇಗ ಸಿಗುತ್ತದೆ. ಆರ್ಟೂರಿಯಾದ್ದರಲ್ಲಿ ನೀವೇ ರೆಕಾರ್ಡ್ ಮಾಡಿದ ಸದ್ದನ್ನೂ ಟೇಪಿನಂತೆ ಹಾಕಬಹುದು. ವೀಣೆಯನ್ನೋ, ಮನೆಯವರ ದನಿಯನ್ನೋ ಒಂದೊಂದೇ ಸ್ವರವಾಗಿ ರೆಕಾರ್ಡ್ ಮಾಡಿ ಹಾಕಿದರೆ ಅದು ನಿಮ್ಮದೇ ವಾದ್ಯ ಆಯಿತು. ಹೊಸದೇನಾದರೂ ಮಾಡಬೇಕೆಂಬ ಆಸೆ ಇರುವವರು ಇದನ್ನೇ ತಗೊಳ್ಳಿ. ಹಳೇ ಬ್ಯಾಂಡುಗಳ ಸದ್ದೇ ಬೇಕು ಎನ್ನುವವರು ಮೊದಲನೆಯದಕ್ಕೆ ಹೋಗಿ.

ಪುಕ್ಕಟೆ ಸ್ಯಾಂಪಲ್‌ಗಳೂ ಅಂತರ್ಜಾಲದಲ್ಲಿ ಸಿಗುತ್ತವೆ. ಅವುಗಳ ಗುಣ ತಿಳಿಯಲು ಒಂದು ಸುಲಭ ಪರೀಕ್ಷೆ ಇದೆ. ಫ್ಲೂಟ್ ಆರಿಸಿ. ಕಪ್ಪು ಬಿಳಿ ಬಿಡದೆ, ಕೆಳಗಿನಿಂದ ಮೇಲಕ್ಕೆ ಒಂದೊಂದೇ ಸ್ವರ ನಿಧಾನಕ್ಕೆ ನುಡಿಸಿ. ಪ್ರತಿ ಸ್ವರದ ಉಸಿರು, ನಡುಕ ಬೇರೆ ಬೇರೆ ಕೇಳಬೇಕು. ಮೂರು ನಾಲ್ಕು ಸ್ವರಗಳ ನಡುಕ ಒಂದೇ ಥರ ಇದ್ದು, ಮೇಲೇರಿದಂತೆ ಬೇಗವಾಗುತ್ತಾ ಹೋದರೆ, ಒಂದೇ ಸ್ಯಾಂಪಲ್ಲನ್ನು ಎಳೆದು ಹಲವು ಕೀಗೆ ಹಂಚಿದ್ದಾರೆ ಎಂದರ್ಥ. ಕಾರ್ಡ್ ಹಿಡಿದಾಗ ಅದು ಸತ್ತಂತೆ ಕೇಳುತ್ತದೆ. ದುಡ್ಡು ಕೊಟ್ಟು ಕೊಳ್ಳುವ ಪ್ಲಗಿನ್ನಿಗೂ ಡೆಮೋದಲ್ಲಿ ಇದೇ ಪರೀಕ್ಷೆ ಮಾಡಿ.

ಪ್ಲಗಿನ್ನಿನ ದೊಡ್ಡ ಅಪಾಯ ಅದರ ಉದಾರತೆ. ಹಳೇ ಯಂತ್ರದಲ್ಲಿ ಮೂರು ಸದ್ದು. ಇಲ್ಲಿ ನೂರಾರು. ಪ್ರಿಸೆಟ್ ತಿರುಗಿಸುತ್ತಾ ಕೂತರೆ ಸಂಜೆ ಹೋಗಿದ್ದೇ ತಿಳಿಯುವುದಿಲ್ಲ.

ಗಿಟಾರಿನವರಿಗೆ ಪೆಡಲ್

ಎಲೆಕ್ಟ್ರೋ-ಹಾರ್ಮೋನಿಕ್ಸ್‌ನ ಮೆಲ್9 ಪೆಡಲ್‌ನಲ್ಲಿ ಒಂಬತ್ತು ಸದ್ದುಗಳಿವೆ. ಆರ್ಕೆಸ್ಟ್ರಾ, ಚೆಲ್ಲೋ, ಫ್ಲೂಟ್, ತಗ್ಗಿನ ಕೋರಸ್, ಮೇಲಿನ ಕೋರಸ್ ಹೀಗೆ. ಗಿಟಾರಿಗೆ ಬೇರೆ ಪಿಕಪ್ ಬೇಡ, ಮಿಡಿ ಬೇಡ, ಸೀದಾ ಕೇಬಲ್ ಚುಚ್ಚಿದರೆ ಆಯಿತು. ಇದು ಟೇಪಿನ ನಕಲಲ್ಲ, ಗಿಟಾರಿನ ಸದ್ದನ್ನೇ ಆ ಬಣ್ಣಕ್ಕೆ ತಿರುಗಿಸುತ್ತದೆ. ಹತ್ತಿರದಿಂದ ಕೇಳಿದರೆ ವ್ಯತ್ಯಾಸ ಗೊತ್ತಾಗುತ್ತದೆ. ಆದರೆ ಕೀಬೋರ್ಡ್ ನುಡಿಸುವವರೇ ಇಲ್ಲದ ಮೂವರ ಬ್ಯಾಂಡಿಗೆ ಇದು ದೊಡ್ಡ ಆಸರೆ. ನಿಧಾನದ ಕಾರ್ಡ್‌ಗಳಿಗೆ ಚೆನ್ನ, ವೇಗದ ಸೋಲೋಗೆ ಅಲ್ಲ.

ದಾರಿಯಲ್ಲಿ ಸಿಗುವ ಇನ್ನೆರಡು ಹೆಸರು

ಚೇಂಬರ್ಲಿನ್ ಯಂತ್ರಗಳು ಮೆಲೊಟ್ರಾನ್‌ನ ಮೂಲ. ಅವುಗಳ ರೆಕಾರ್ಡಿಂಗ್ ಹೆಚ್ಚು ಸ್ಪಷ್ಟ, ಪಿಟೀಲುಗಳಲ್ಲಿ ಕಂಪನ ಜಾಸ್ತಿ. ಅಮೆರಿಕದ ಪಾಪ್‌ನವರಿಗೆ ಹೆಚ್ಚು ಪ್ರಿಯ. ಪ್ರೋಗ್‌ನ ಆ ಕತ್ತಲೆ ಬೇಕಾದವರಿಗೆ ಅದು ಕೊಂಚ ಹೊಳಪು ಜಾಸ್ತಿಯೇ. ಪ್ಲಗಿನ್‌ಗಳಲ್ಲಿ ಹೇಗೂ ಸಿಗುತ್ತದೆ, ಅಲ್ಲೇ ಕೇಳಿ ನೋಡಿ.

ಬೈರೊಟ್ರಾನ್ ಕಥೆ ಮಾತ್ರ ಸ್ವಾರಸ್ಯದ್ದು. ಯೆಸ್ ಬ್ಯಾಂಡಿನ ರಿಕ್ ವೇಕ್‌ಮನ್, ಡೇವ್ ಬೈರೊ ಎಂಬ ಅಮೆರಿಕದ ಯುವಕನ ಆವಿಷ್ಕಾರಕ್ಕೆ ದುಡ್ಡು ಹಾಕಿದ. ಕಾರುಗಳಲ್ಲಿ ಹಾಕುತ್ತಿದ್ದ 8 ಟ್ರ್ಯಾಕ್ ಕ್ಯಾಸೆಟ್‌ಗಳ ಥರದ ಟೇಪ್ ಲೂಪುಗಳು ಅದರಲ್ಲಿದ್ದವು. ಎಂದರೆ 8 ಸೆಕೆಂಡಿನ ಮಿತಿಯೇ ಇಲ್ಲ. ಯೆಸ್‌ನ 1978ರ ಆಲ್ಬಮ್ಮಿನಲ್ಲಿ ಅದು ಕೇಳಿಸುತ್ತದೆ. ಆದರೆ ತಯಾರಾದವು ಬೆರಳೆಣಿಕೆಯಷ್ಟು. ಕೊಳ್ಳುವ ಮಾತೇ ಇಲ್ಲ. ನನಗೆ ಅದರ ಸದ್ದಿಗಿಂತ ಮೆಲೊಟ್ರಾನ್ ಸದ್ದೇ ಇಷ್ಟ. ಮಿತಿ ಹೋದ ಜೊತೆಗೆ ಸ್ವರದ ಆರಂಭದ ಆ ಜೀವವೂ ಹೋಗಿದೆ.

ಯಾರಿಗೆ ಯಾವುದು

ವಿದ್ಯಾರ್ಥಿ, ಕೈಯಲ್ಲಿ ಹೆಚ್ಚು ದುಡ್ಡಿಲ್ಲ, ಮನೆಯಲ್ಲೇ ರೆಕಾರ್ಡಿಂಗ್: ಪುಕ್ಕಟೆ ಸ್ಯಾಂಪಲ್ಲಿನಿಂದ ಶುರು ಮಾಡಿ, ಫ್ಲೂಟ್ ಪರೀಕ್ಷೆಯಲ್ಲಿ ಪಾಸಾದದ್ದನ್ನು ಇಟ್ಟುಕೊಳ್ಳಿ. ಆರು ತಿಂಗಳು ಬಳಸಿದ ಮೇಲೂ ಆಸೆ ಉಳಿದಿದ್ದರೆ ರಿಯಾಯಿತಿಯಲ್ಲಿ ಪ್ಲಗಿನ್ ಕೊಳ್ಳಿ.

ಕಾರ್ಯಕ್ರಮ ಕೊಡುವ ಬ್ಯಾಂಡ್, ಒಂದೆರಡು ಹಾಡಿಗೆ ಬೇಕು: ಈಗಿರುವ ಕೀಬೋರ್ಡಿಗೆ ಸ್ಯಾಂಪಲ್ ಹಾಕಲು ಬರುತ್ತದಾ ನೋಡಿ. ಬರದಿದ್ದರೆ ಲ್ಯಾಪ್‌ಟಾಪ್ ಮತ್ತು ಪ್ಲಗಿನ್. ಗಿಟಾರಿನವರೇ ಇದ್ದರೆ ಮೆಲ್9.

ಬ್ಯಾಂಡಿನ ಇಡೀ ಸದ್ದೇ ಇದರ ಮೇಲೆ ನಿಂತಿದೆ, ಮೇಲಿಂದ ಮೇಲೆ ಪ್ರಯಾಣ: ಎಂ4000ಡಿ ಮಿನಿ ಅಥವಾ ಮೈಕ್ರೋ. ಒಂದು ಸಲ ಖರ್ಚು, ಆಮೇಲೆ ತಲೆನೋವಿಲ್ಲ.

ಸ್ಟುಡಿಯೋ ಇದೆ, ಸಾಲ್ಡರಿಂಗ್ ಬರುತ್ತದೆ, ಹಳೇ ಯಂತ್ರ ಬಿಚ್ಚಿ ಕೂರುವುದೇ ಒಂದು ಖುಷಿ: ಎಂ400 ಅಥವಾ ನೋವಾಟ್ರಾನ್. ಬೇರೆ ಯಾವುದೂ ನಿಮಗೆ ಸಮಾಧಾನ ಕೊಡುವುದಿಲ್ಲ, ಗೊತ್ತು. ಹೋಗಿ ಕೊಳ್ಳಿ. ಸಾಲ ಮಾಡಿ ಮಾತ್ರ ಬೇಡ.

ಕರ್ನಾಟಕ ಸಂಗೀತ ಕಲಿತು ಇದರಲ್ಲಿ ರಾಗ ನುಡಿಸುವ ಯೋಚನೆ ಇರುವವರು ಸ್ವಲ್ಪ ತಡೆಯಿರಿ. ಪಿಚ್ ಹಿಡಿ ತಿರುಗಿಸಿದರೆ ಒಂದು ಸ್ವರವಲ್ಲ, ಒತ್ತಿರುವ ಎಲ್ಲ ಸ್ವರಗಳೂ ಒಟ್ಟಿಗೆ ಜಾರುತ್ತವೆ. ವೇಗದ ಸಂಗತಿಗಳಿಗೆ ಟೇಪ್ ವಾಪಸ್ ಬರುವಷ್ಟು ಹೊತ್ತೇ ಇರುವುದಿಲ್ಲ. ಗಮಕ ನಡೆಯುವುದಿಲ್ಲ. ಹಾಡಿನ ಹಿಂದೆ ಉದ್ದದ ಆಧಾರ ಸ್ವರಗಳಿಗೆ ಆಗುತ್ತದೆ, ಅದೂ ಉಸಿರಾಡಲು ಜಾಗ ಬಿಟ್ಟು.

ಯಾವುದನ್ನೇ ತಂದರೂ, ಹೀಗೆ ನುಡಿಸಿ

ಪ್ಲಗಿನ್ ಕೊಂಡವರಲ್ಲಿ ಹೆಚ್ಚಿನವರು ‘ಆ ರೆಕಾರ್ಡಿನ ಥರ ಬರುತ್ತಿಲ್ಲ’ ಎಂದು ಗೊಣಗುತ್ತಾರೆ. ದೋಷ ಪ್ಲಗಿನ್ನಿನದಲ್ಲ, ನುಡಿಸುವ ರೀತಿಯದು. ಹಳೇ ಯಂತ್ರದಲ್ಲಿ ಮೆಲ್ಲಗೆ ಹೊಡೆದರೆ ಮೆಲ್ಲಗೆ, ಜೋರಾಗಿ ಹೊಡೆದರೆ ಜೋರು ಎಂಬುದು ಇಲ್ಲ. ಆದ್ದರಿಂದ ಕೀಬೋರ್ಡಿನ ವೆಲಾಸಿಟಿ ಆಫ್ ಮಾಡಿ. ಸಸ್ಟೇನ್ ಪೆಡಲ್ ಕಿತ್ತಿಡಿ. ಲೂಪ್ ಆಯ್ಕೆ ಇದ್ದರೆ ಅದನ್ನೂ ಆಫ್ ಮಾಡಿ. ಎಂ400ನ ವ್ಯಾಪ್ತಿ ಕೆಳಗಿನ ಜಿ ಯಿಂದ ಮೇಲಿನ ಎಫ್‌ವರೆಗೆ, ಮೂರು ಆಕ್ಟೇವೂ ಪೂರ್ತಿ ಇಲ್ಲ. ಆ ಗೆರೆ ದಾಟಬೇಡಿ. ಮೂರು ಸ್ವರದ ಕಾರ್ಡ್ ಸಾಕು, ಆರು ಬೆರಳಿನ ಜಾಸ್ ಕಾರ್ಡ್ ಒತ್ತಿದರೆ ಕೆಸರಾಗುತ್ತದೆ. ಬೆರಳೆತ್ತಿದ ಕೂಡಲೇ ಸದ್ದು ಕತ್ತರಿಸಿದಂತೆ ನಿಲ್ಲುವುದರಿಂದ ರಿವರ್ಬ್ (ದೊಡ್ಡ ಹಾಲಿನ ಮಾರ್ದನಿಯಂಥ ಎಫೆಕ್ಟ್) ಬೇಕೇ ಬೇಕು. ಹಳೇ ರೆಕಾರ್ಡುಗಳಲ್ಲಿ ನೀವು ಕೇಳುವ ವಿಸ್ತಾರದಲ್ಲಿ ಅರ್ಧ ಪಾಲು ರಿವರ್ಬಿನದೇ. ಮಿಕ್ಸ್ ಮಾಡುವಾಗ ತೀರಾ ಮೇಲಿನ ಹೊಳಪನ್ನು ಸ್ವಲ್ಪ ಕತ್ತರಿಸಿ.

ಇನ್ನು ಏರಿಳಿತ. ಕೀಗಳಿಂದ ಅದು ಬರುವುದಿಲ್ಲವಾದ್ದರಿಂದ ಹಳಬರು ಕಾಲಿನ ವಾಲ್ಯೂಮ್ ಪೆಡಲ್ ಬಳಸುತ್ತಿದ್ದರು. ಕಾರ್ಡ್ ಮೊದಲು ಒತ್ತಿ, ಪೆಡಲ್ ನಿಧಾನಕ್ಕೆ ತೆರೆದರೆ ಪಿಟೀಲುಗಳು ಎಲ್ಲಿಂದಲೋ ಏರಿ ಬರುತ್ತವೆ. ಆದರೆ 8 ಸೆಕೆಂಡಿನ ಲೆಕ್ಕ ಒತ್ತಿದ ಕ್ಷಣದಿಂದಲೇ ಶುರುವಾಗಿರುತ್ತದೆ, ಮರೆಯಬೇಡಿ. ಪ್ಲಗಿನ್ನಿಗೆ ಹತ್ತು ಸಾವಿರ ಇಟ್ಟುಕೊಂಡಿದ್ದರೆ, ಅದರಲ್ಲಿ ಒಂದು ಎಕ್ಸ್‌ಪ್ರೆಷನ್ ಪೆಡಲ್ಲಿಗೂ ದುಡ್ಡು ಉಳಿಸಿ. ನಿಮ್ಮ ಕೀಬೋರ್ಡಿನ ಹಿಂದೆ ಅದಕ್ಕೆ ತೂತು ಇದೆಯೇ ಎಂದು ಅಂಗಡಿಗೆ ಹೋಗುವ ಮೊದಲೇ ನೋಡಿಕೊಳ್ಳಿ.